ಜಾಲಕರೆಯ ನೆಲನೆಲ್ಲಿಯ ಚರಿತ್ರೆ

ಮಳೆಗಾಲ ಸುರುವಾಗಿ ಹದಿನೈದು ದಿನ ಅಪ್ಪದ್ದೆ ಜಾಲಕರೆಲಿ, ತೆಂಗಿನ ಬುಡಲ್ಲಿ, ಮೆಟ್ಟುಕಲ್ಲಿನ ಎಡೆಲಿ ಎಲ್ಲ ನೆಲನೆಲ್ಲಿ ಹುಟ್ಟಿಗೊಂಡಿರ್ತು. ಕಳೆ ಹೇಳಿ ನಾವು ಕಿತ್ತು ಇಡ್ಕುತ್ತು. ಒಂದು ಗೇಣು ಎತ್ತರದ ಸೆಸಿ, ಹುಳಿಮರದ ಎಲೆಯ ಹಾಂಗಿಪ್ಪ ಸಣ್ಣ ಸಣ್ಣ ಎಲೆ. ಗೆಲ್ಲಿನ ಮೊಗಚ್ಚಿ ನೋಡಿರೆ ಅಡಿಲಿ ಸಾಸಮೆಗಿಂತ ರಜ ದೊಡ್ಡ ಕಾಯಿಗಳ ಸಾಲು, ನೆಲ್ಲಿಕಾಯಿಯೇ ಸಣ್ಣ ಆದ ಹಾಂಗೆ. ಹೆಸರು ಬಂದದೂ ಹಾಂಗೆಯೇ. ತಮಿಳಿಲ್ಲಿ ಕೀಳಾನೆಲ್ಲಿ ಹೇಳ್ತವು, ಹೇಳಿರೆ ಕೆಳ ಕಾಯಿ ಬಿಡುವ ನೆಲ್ಲಿ. ಸಂಸ್ಕೃತಲ್ಲಿ ಭೂಮ್ಯಾಮಲಕೀ, ಅದೂ ನೆಲದ ನೆಲ್ಲಿಯೇ.

ನಮ್ಮ ಊರಿಲ್ಲಿ ಇದು ಅರಶಿನ ಮುಂಡಿಗೆಯ ಮದ್ದು. ಕಣ್ಣು ಅರಶಿನ ಆತು, ಮೂತ್ರ ಅರಶಿನ ಆತು ಹೇಳಿ ಕಂಡ ಕೂಡ್ಲೆ ಅಜ್ಜಿಯಕ್ಕೊ ಸೆಸಿಯ ಬೇರು ಸಮೇತ ಕಿತ್ತು ತೊಳದು, ಕಲ್ಲಿಲ್ಲಿ ಅರದು, ಮಜ್ಜಿಗೆಲಿ ಕದಡಿ ಉದಿಯಪ್ಪಗ ಬರಿಹೊಟ್ಟೆಗೆ ಕೊಡುಗು. ಎಣ್ಣೆ ಆಗ, ಒಗ್ಗರಣೆ ಆಗ ಹೇಳಿ ಪಥ್ಯ ಬೇರೆ. ಎನ್ನ ಅತ್ತೆಯೂ ಹೀಂಗೆಯೇ ಕೊಟ್ಟೊಂಡಿತ್ತಿದ್ದವು.

ಕಳುದ ತಿಂಗಳು ಅಕ್ಕನ ಮಗಳು ಬೆಂಗಳೂರಿಂದ ಫೋನು ಮಾಡಿತ್ತು. "ಚಿಕ್ಕಮ್ಮ, ಇವಕ್ಕೆ ಜಾಂಡೀಸ್ ಬೈಂದು. ನೆಲನೆಲ್ಲಿ ಎಷ್ಟು ದಿನ ಕೊಡೆಕ್ಕು?" ಹೇಳಿ. ಅದು ಐದು ತಿಂಗಳ ಬಸರಿ. "ಮದಾಲು ಇಬ್ರೂ ಡಾಕ್ಟ್ರ ಹತ್ರೆ ಹೋಗಿ ರಕ್ತ ಪರೀಕ್ಷೆ ಮಾಡ್ಸಿ. ನೆಲನೆಲ್ಲಿಯ ವಿಷಯ ಮತ್ತೆ ನೋಡುವೊ" ಹೇಳಿದೆ ಆನು. ಅದಕ್ಕೆ ರಜ ಆಶ್ಚರ್ಯ ಆತು, ಸೊಪ್ಪಿನ ಮದ್ದು ಹೇಳಿರೆ ಚಿಕ್ಕಮ್ಮಂಗೆ ಪ್ರೀತಿ ಹೇಳಿ ಅದಕ್ಕೆ ಗೊಂತಿದ್ದು. ಪ್ರೀತಿ ಇಪ್ಪದು ಅಪ್ಪು. ಆದರೆ ಈ ಸೆಸಿಯ ಚರಿತ್ರೆ ಪೂರ ಕೇಳಿರೆ ನಿಂಗಳೂ ಹಾಂಗೆಯೇ ಹೇಳುವಿ.

ನೆಲನೆಲ್ಲಿಗೆ ದೊಡ್ಡ ಹೆಸರು ಇಪ್ಪದು ತಮಿಳುನಾಡಿನ ಸಿದ್ಧವೈದ್ಯಲ್ಲಿ. ಈ ವೈದ್ಯ ಹದಿನೆಂಟು ಸಿದ್ಧರಿಂದ ಬಂದದು, ಅಗಸ್ತ್ಯರೇ ಅವರಲ್ಲಿ ಸುರುವಾಣವು ಹೇಳಿ ಅಲ್ಯಾಣವರ ನಂಬಿಕೆ. ಪಾಠ ಎಲ್ಲ ತಮಿಳು ಪದ್ಯಲ್ಲಿ, ತಾಳೆಗರಿಲಿ. ವಾತ, ಪಿತ್ತ, ಕಫದ ಲೆಕ್ಕ ಆಯುರ್ವೇದದ ಹಾಂಗೆಯೇ. ಪಾದರಸ, ಗಂಧಕದ ಹಾಂಗಿಪ್ಪ ವಸ್ತುಗಳ ಶುದ್ಧಮಾಡಿ ಮದ್ದಿಂಗೆ ಉಪಯೋಗ ಮಾಡುದು ಅಲ್ಲಿ ಹೆಚ್ಚು. ಆದರೂ ಬೇಲಿಕರೆಯ ಸೊಪ್ಪುಗಳ ಅವು ಬಿಟ್ಟಿದವಿಲ್ಲೆ. ಕಾಮಾಲೆ ಹೇಳಿರೆ ಪಿತ್ತ ಕೆರಳಿದ್ದು, ಕೈಕ್ಕೆ ರುಚಿಯ ತಂಪು ಸೊಪ್ಪು ಅದರ ಇಳುಸುತ್ತು ಹೇಳಿ ಅವರ ಲೆಕ್ಕ. ಈಗ ಚೆನ್ನೈಯ ತಾಂಬರಲ್ಲಿ ಸರಕಾರದ ರಾಷ್ಟ್ರೀಯ ಸಿದ್ಧ ಸಂಸ್ಥೆಯೇ ಇದ್ದು.

ತಮಿಳುನಾಡಿಂದ ಘಟ್ಟ ದಾಂಟಿರೆ ಮಲಯಾಳದ ಊರುಗೊ. ಅಲ್ಲಿಯೂ ವೈದ್ಯರ ಕೈಲಿ ಇದೇ ಸೆಸಿ. 17ನೇ ಶತಮಾನಲ್ಲಿ ಕೊಚ್ಚಿ ಡಚ್ಚರ ಕೈಲಿ ಇಪ್ಪಗ ಹೆಂಡ್ರಿಕ್ ವಾನ್ ರೀಡ್ ಹೇಳ್ತ ಅಧಿಕಾರಿಗೆ ಮಲಬಾರಿನ ಸೆಸಿಗಳ ಮರುಳು ಹಿಡುದತ್ತು. ಸೆಸಿ ತರುಶಿ, ಚಿತ್ರ ಬರೆಶಿ, ಊರ ವೈದ್ಯರ ಹತ್ರೆ ಹೆಸರು, ಗುಣ ಎಲ್ಲ ಕೇಳಿ ಬರೆಶಿದವು. ಆ ವೈದ್ಯರಲ್ಲಿ ಮುಖ್ಯ ಆದೋವು ಚೇರ್ತಲ ಹತ್ರಾಣ ಈಳವ ವೈದ್ಯ ಇಟ್ಟಿ ಅಚ್ಯುತನ್. ಒಟ್ಟಿಂಗೆ ಮೂರು ಜೆನ ಕೊಂಕಣಿ ವೈದ್ಯರು, ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. 1675ರಲ್ಲಿ ಇವು ಬರದು ಕೊಟ್ಟ ಪತ್ರಂಗೊ ಆ ಪುಸ್ತಕಲ್ಲಿಯೇ ಅಚ್ಚಾಯಿದು.

ಪುಸ್ತಕದ ಹೆಸರು ಹಾರ್ಟಸ್ ಮಲಬಾರಿಕಸ್, ಹೇಳಿರೆ ಮಲಬಾರಿನ ತೋಟ. 1678ರಿಂದ 1693ರ ವರೆಗೆ ಆಮ್‌ಸ್ಟರ್‌ಡ್ಯಾಮಿಲ್ಲಿ 12 ಸಂಪುಟ ಬಂತು. ಹತ್ತನೇ ಸಂಪುಟಲ್ಲಿ ನಮ್ಮ ನೆಲನೆಲ್ಲಿ ‘ಕಿರ್ಗನೇಲಿ’ ಹೇಳ್ತ ಹೆಸರಿಲ್ಲಿ ಇದ್ದು. ಕಿರುನೆಲ್ಲಿ ಡಚ್ಚರ ಕೆಮಿಗೆ ಹಾಂಗೆ ಕೇಳಿತ್ತೋ ಎಂತದೋ! ವೈದ್ಯರ ಹೆಸರಾದರೂ ಒಳುದ್ದು. ಮಜ್ಜಿಗೆಲಿ ಕದಡಿ ಕೊಟ್ಟ ಅಜ್ಜಿಯಕ್ಕಳ ಹೆಸರು ಏವ ಪುಸ್ತಕಲ್ಲಿಯೂ ಇಲ್ಲೆ.

1753ರಲ್ಲಿ ಸ್ವೀಡನ್ನಿನ ಲಿನೇಯಸ್ ‘ಫಿಲ್ಯಾಂತಸ್ ನಿರೂರಿ’ ಹೇಳಿ ಹೆಸರು ಮಡಗಿದವು. ಮತ್ತಾಣವು ಶೋಧ ಮಾಡಿಯಪ್ಪಗ ನಿರೂರಿ ಹೇಳುದು ಅಮೇರಿಕದ ಬೇರೆ ಸೆಸಿ, ನಮ್ಮಲ್ಲಿ ಮದ್ದಿಂಗೆ ಹೆಚ್ಚು ಬಳಸುದು ‘ಫಿಲ್ಯಾಂತಸ್ ಅಮಾರಸ್’ ಹೇಳಿ ಆತು. ಅಮಾರಸ್ ಹೇಳಿರೆ ಲ್ಯಾಟಿನ್ನಿಲ್ಲಿ ಕೈಕ್ಕೆ. ನೋಡ್ಲೆ ಇದರ ಹಾಂಗೆಯೇ ಇಪ್ಪ ಅಣ್ಣತಮ್ಮಂದ್ರು ಸುಮಾರಿದ್ದವು. ಅಂಗಡಿಂದ ಹೊಡಿ ತಪ್ಪಗ ಅದರಲ್ಲಿ ಏವದು ಇದ್ದು ಹೇಳಿ ನವಗೆ ಗೊಂತಾವುತ್ತಿಲ್ಲೆ.

ಇನ್ನಾಣದ್ದು ನಮ್ಮ ಕಾಲದ ಕತೆ. ಹೆಪಟೈಟಿಸ್ ಬಿ ವೈರಸ್ಸಿನ ಕಂಡುಹಿಡುದು 1976ರಲ್ಲಿ ನೋಬೆಲ್ ತೆಕ್ಕೊಂಡ ಅಮೇರಿಕದ ಬರೂಕ್ ಬ್ಲಂಬರ್ಗ್ ಈ ಸೆಸಿಯ ಕೈಗೆ ತೆಕ್ಕೊಂಡವು. ಅವು, ಪಿ.ಎಸ್. ವೆಂಕಟೇಶ್ವರನ್ ಎಲ್ಲ ಸೇರಿ 1987ರಲ್ಲಿ ಬರದವು: ಪ್ರಯೋಗಶಾಲೆಲಿ ಇದರ ರಸ ವೈರಸ್ಸಿನ ತಡೆತ್ತು, ಅದೇ ನಮೂನೆಯ ವೈರಸ್ಸಿಪ್ಪ ವುಡ್‌ಚಕ್ ಹೇಳ್ತ ಪ್ರಾಣಿಲಿಯೂ ಗುಣ ಕಂಡತ್ತು ಹೇಳಿ.

ಮರುವರ್ಷ, 1988ರಲ್ಲಿ, ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತೆ ಅವರ ಒಟ್ಟಿಂಗಿಪ್ಪವು ಮನುಷ್ಯರ ಮೇಲೆ ಮಾಡಿದ ಪರೀಕ್ಷೆ ಲ್ಯಾನ್ಸೆಟ್ ಪತ್ರಿಕೆಲಿ ಬಂತು. ರಕ್ತಲ್ಲಿ ಬಿ ವೈರಸ್ಸು ಒಳುದ ಜೆನಂಗೊಕ್ಕೆ ಒಣಗಿದ ಸೆಸಿಯ ಹೊಡಿ, 200 ಮಿಲಿಗ್ರಾಂ, ದಿನಕ್ಕೆ ಮೂರು ಸರ್ತಿ, 30 ದಿನ ಕೊಟ್ಟವು. ಮತ್ತೆ ಪರೀಕ್ಷೆ ಮಾಡಿಯಪ್ಪಗ 37 ಜೆನರಲ್ಲಿ 22 ಜೆನರ ರಕ್ತಲ್ಲಿ ವೈರಸ್ಸಿನ ಗುರ್ತ ಇಲ್ಲೆ! ಬರೀ ಹೊಡಿ, ಮದ್ದಿಲ್ಲದ್ದ ಮಾತ್ರೆ, ಕೊಟ್ಟ 23 ಜೆನರಲ್ಲಿ ಒಬ್ಬಂಗೆ ಮಾಂತ್ರ ಹಾಂಗಾತು. ನೆಲನೆಲ್ಲಿಯ ಹೆಸರು ಲೋಕ ಇಡೀ ಹಬ್ಬಿತ್ತು.

ಆದರೆ ವಿಜ್ಞಾನಲ್ಲಿ ಒಂದು ಸರ್ತಿ ಕಂಡರೆ ಸಾಲ, ಬೇರೆಯವು ಮಾಡಿರೂ ಹಾಂಗೆಯೇ ಕಾಣೆಕ್ಕು. ಥಾಯ್ಲೆಂಡಿಲ್ಲಿ ಮಾಡಿದವು, ನ್ಯೂಜಿಲೆಂಡಿಲ್ಲಿ ಮಾಡಿದವು, ಆ ಗುಣ ಕಂಡತ್ತಿಲ್ಲೆ. 2011ರಲ್ಲಿ ಕೊಕ್ರೇನ್ ಸಂಸ್ಥೆಯವು ಎಲ್ಲ ಪರೀಕ್ಷೆಗಳ ಒಟ್ಟುಮಾಡಿ ನೋಡಿ, ಹೆಪಟೈಟಿಸ್ ಬಿಗೆ ಇದು ಮದ್ದು ಹೇಳುಲೆ ಗಟ್ಟಿ ಆಧಾರ ಇಲ್ಲೆ ಹೇಳಿದವು.

ಅಂಬಗ ಅಜ್ಜಿಯಕ್ಕೊ ಗುಣ ಆದ್ದದು ಕಂಡದು ಲೊಟ್ಟೆಯಾ? ಅಲ್ಲ. ಅರಶಿನ ಮುಂಡಿಗೆ ಹೇಳುದು ಒಂದು ರೋಗ ಅಲ್ಲ, ಅದು ಗುರ್ತ. ಕೊಳಕ್ಕು ನೀರಿಂದ ಬಪ್ಪ ಹೆಪಟೈಟಿಸ್ ಎ, ಹೆಚ್ಚಾಗಿ ಮಕ್ಕೊಗೆ ಬಪ್ಪದು, ಕೆಲವು ವಾರಲ್ಲಿ ತನ್ನಷ್ಟಕೇ ಗುಣ ಆವುತ್ತು. ವಿಶ್ರಾಂತಿ, ಹಗುರ ಊಟ, ಮಜ್ಜಿಗೆ ಇದ್ದರೆ ಸಾಕು. ಎಲ್ಲದಕ್ಕೂ ಹೆಸರು ಸಿಕ್ಕಿದ್ದು ಅದರೊಟ್ಟಿಂಗೆ ಕೊಟ್ಟ ಸೊಪ್ಪಿಂಗೆ.

ಕಣ್ಣು ಅರಶಿನ ಅಪ್ಪಲೆ ಬೇರೆ ಕಾರಣಂಗಳೂ ಇದ್ದು. ತೋಟದ ಕೆಸರಿಲ್ಲಿ ಕೆಲಸ ಮಾಡುವವಕ್ಕೆ ಬಪ್ಪ ಇಲಿಜ್ವರ, ಪಿತ್ತದ ನಾಳಲ್ಲಿ ಸಿಕ್ಕಿಬಿದ್ದ ಕಲ್ಲು, ಕುಡಿತಂದ ಹಾಳಾದ ಲಿವರು. ಇಲಿಜ್ವರಕ್ಕೆ ಬೇಗ ಆಂಟಿಬಯೋಟಿಕ್ ಕೊಡೆಕ್ಕು. ಎಂಟು ದಿನ ಸೊಪ್ಪು ಅರದು ಕೂದರೆ ಜೀವಕ್ಕೇ ಅಪಾಯ.

ಬಸರಿಯಕ್ಕೊಗೆ ಹೆಪಟೈಟಿಸ್ ಇ ಹೇಳುದು ಎಲ್ಲಕ್ಕಿಂತ ಹೆದರಿಕೆ. 1955ರ ಅಖೇರಿಗೆ ದೆಹಲಿಲಿ ಯಮುನೆಯ ಕುಡಿವ ನೀರಿಂಗೆ ಕೊಳಚೆ ಸೇರಿ ಸುಮಾರು 29,000 ಜೆನಕ್ಕೆ ಕಾಮಾಲೆ ಬಂತು. ಅದು ಹೆಪಟೈಟಿಸ್ ಎ ಅಲ್ಲ, ಬೇರೆ ವೈರಸ್ಸು ಹೇಳಿ ಗೊಂತಪ್ಪಲೆ ಮತ್ತೆ ಎಷ್ಟೋ ವರ್ಷ ಹೋತು. ಬೇರೆಯವಕ್ಕೆ ಹೆಚ್ಚಾಗಿ ಗುಣ ಅಪ್ಪ ರೋಗ ಬಸರಿಯಕ್ಕಳ ಜೀವವನ್ನೇ ತೆಗವಲೂ ಸಾಕು. ಗೆಂಡಂಗೆ ಬಂದರೆ ಹೆಂಡತ್ತಿದೂ ಪರೀಕ್ಷೆ ಆಯೆಕ್ಕು ಹೇಳಿ ಆನು ಒತ್ತಿ ಹೇಳಿದ್ದು ಇದಕ್ಕೇ.

ಇನ್ನೊಂದು ವಿಷಯ ಇದ್ದು. ನೆಲನೆಲ್ಲಿಯ ಪರೀಕ್ಷೆ ಮಾಡಿದ ಅದೇ ಬ್ಲಂಬರ್ಗ್, ಅರ್ವಿಂಗ್ ಮಿಲ್‌ಮನ್ ಒಟ್ಟಿಂಗೆ ಹೆಪಟೈಟಿಸ್ ಬಿಯ ಲಸಿಕೆಗೂ ದಾರಿ ಮಾಡಿದವು. ಈಗ ಸರಕಾರಿ ಆಸ್ಪತ್ರೆಲಿ ಹುಟ್ಟಿದ ಬಾಬೆಗೆ 24 ಗಂಟೆಯ ಒಳ ಧರ್ಮಕ್ಕೇ ಕೊಡ್ತ ಚುಚ್ಚುಮದ್ದು ಅದುವೇ. ಬಾಣಂತಿ ಮನೆಲಿ ಇದರ ಒಂದು ಸರ್ತಿ ಕೇಳಿ ಗಟ್ಟಿಮಾಡಿಗೊಳ್ಳಿ.

ಜಾಲಿನ ನೆಲನೆಲ್ಲಿಯ ಪೂರ ಕಿತ್ತು ಇಡ್ಕೆಡಿ. ಆರೋಗ್ಯ ಸರಿ ಇಪ್ಪಗ ಒಂದು ಮುಷ್ಟಿ ಸೊಪ್ಪು, ರಜ ಜೀರಿಗೆ, ಗೆಣಮೆಣಸು, ಕಾಯಿತುರಿ ಹಾಕಿ ಅರದು ಮಜ್ಜಿಗೆಲಿ ತಂಬುಳಿ ಮಾಡಿರೆ ಊಟಕ್ಕೆ ಲಾಯ್ಕ ಆವುತ್ತು. ಬಸರಿಯಕ್ಕೊ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಕ್ಕೊಂಬವು ಡಾಕ್ಟ್ರ ಹತ್ರೆ ಕೇಳದ್ದೆ ಮದ್ದಿನ ಲೆಕ್ಕಲ್ಲಿ ಕುಡಿವಲಾಗ. ಕಣ್ಣು ಅರಶಿನ ಆದರೆ ಅರೆವ ಕಲ್ಲು ತೊಳವ ಮದಲು ರಕ್ತ ಪರೀಕ್ಷೆಯ ಚೀಟು ಕೈಲಿರಲಿ. ನಿಂಗಳ ಅಜ್ಜಿಮನೆಲಿ ಇದಕ್ಕೆ ಎಂತ ಹೇಳಿ ಹೆಸರು, ಹಾಲಿಲ್ಲಿ ಕೊಟ್ಟೊಂಡಿತ್ತಿದ್ದವೋ ಮಜ್ಜಿಗೆಲಿಯೋ, ಇನ್ನು ಕಂಡಪ್ಪಗ ಹೇಳಿ.