ಸಾರಿನ ಗಡಿಗೆಯೊಳಗಿನ ಚರಿತ್ರೆ



ಸಿಂಧನೂರು ಸೀಮೆಯ ಒಂದು ಹಳ್ಳಿಯಲ್ಲಿ ಮನೆಗಳ ಆಶೀರ್ವಾದಕ್ಕೆಂದು ಹೋದಾಗ ನಡೆದ ಒಂದು ಸಣ್ಣ ಸಂಗತಿಯಿಂದ ಈ ಬರಹವನ್ನು ಆರಂಭಿಸುತ್ತೇನೆ. ನಾನು ಹೊಸ್ತಿಲು ದಾಟುವಷ್ಟರಲ್ಲಿ ಆ ಮನೆಯ ತಾಯಿ ಒಲೆಯ ಮೇಲೆ ಕುದಿಯುತ್ತಿದ್ದ ಗಡಿಗೆಯನ್ನು ಅವಸರದಿಂದ ಇಳಿಸಿ, ಮೇಲೊಂದು ಮೊರ ಮುಚ್ಚಿ ಹಿತ್ತಿಲಿಗೆ ಸಾಗಿಸಿದರು. ಆದರೆ ವಾಸನೆಯನ್ನು ಮುಚ್ಚುವ ಮೊರ ಎಲ್ಲಿಯದು?

"ಏನವ್ವಾ ಅದು, ಮನಿ ತುಂಬ ಘಮಘಮ ಅಂತೈತಿ?" ಎಂದು ಕೇಳಿದೆ.

"ಏನಿಲ್ರಿ ಫಾದರ್. ನಿಮಗ ಬ್ಯಾರೆ ಮಾಡೀನ್ರಿ, ಅನ್ನ, ತತ್ತಿ ಸಾರು" ಎಂದರು.

ಬೆಂಗಳೂರಿನ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ ಹಬ್ಬಕ್ಕೆ ಬಂದಿದ್ದ ಮಗ ನಕ್ಕುಬಿಟ್ಟ: "ಎಮ್ಮಿ ಖಂಡದ ಸೂಪ್ ರೀ ಫಾದರ್. ಡಬ್ಬು ಮೆಣಸಿನಕಾಯಿ ಹಾಕಿ ನಾನೇ ಮಾಡೀನಿ." ತಾಯಿ ತಲೆ ಎತ್ತಲಿಲ್ಲ.

ಆ ತಗ್ಗಿದ ತಲೆ ಬಹುಕಾಲ ನನ್ನನ್ನು ಕಾಡಿತು. ಗುರುಮಠದಲ್ಲಿ ನಾವು ಸಭೆಯ ಚರಿತ್ರೆಯನ್ನು ಓದಿದೆವು, ಮಹಾಸಭೆಗಳ ವರ್ಷಗಳನ್ನು ಬಾಯಿಪಾಠ ಮಾಡಿದೆವು. ನಮ್ಮ ವಿಶ್ವಾಸಿಗಳ ಒಲೆಗೂ ಒಂದು ಚರಿತ್ರೆ ಇದೆಯೆಂದು ನಮಗೆ ಯಾರೂ ಹೇಳಿರಲಿಲ್ಲ. ಆ ಗಡಿಗೆಯಲ್ಲಿ ಇದ್ದದ್ದಾದರೂ ಏನು? ಮಾಂಸ, ಮೂಳೆ, ಮೆಣಸಿನಕಾಯಿ, ಒಂದಿಷ್ಟು ಜೋಳದ ಹಿಟ್ಟು. ಇವುಗಳಲ್ಲಿ ಯಾವುದು ಈ ನೆಲದ್ದು, ಯಾವುದು ಹೊರಗಿನಿಂದ ಬಂದದ್ದು ಎಂದು ಹುಡುಕುತ್ತ ಹೋದರೆ ನಾವು ನಾಚಬೇಕಾದ ಕಡೆ ನಾಚುತ್ತಿಲ್ಲ, ನಾಚಬೇಕಿಲ್ಲದ ಕಡೆ ತಲೆ ತಗ್ಗಿಸಿದ್ದೇವೆ ಎಂಬುದು ತಿಳಿದುಬರುತ್ತದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಯ ಮೇಲಿನ ಮೂರು ಊರುಗಳು. ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ಈ ದೋಆಬ್ ಪ್ರದೇಶದಲ್ಲಿ ಮನುಷ್ಯ ಮೊದಲು ನೆಲೆ ನಿಂತದ್ದು ದನಗಳ ಜೊತೆಗೆ. ಕ್ರಿ.ಪೂ. 3000ದ ಸುಮಾರಿನಿಂದ ಮುಂದಿನ ಎರಡು ಸಾವಿರ ವರ್ಷಗಳ ಆಸುಪಾಸಿನಲ್ಲಿ ಇಲ್ಲಿ ಬಾಳಿದ ನವಶಿಲಾಯುಗದ ಜನ ಬಿಟ್ಟುಹೋದ ದೊಡ್ಡ ಗುರುತೆಂದರೆ ಬೂದಿದಿಬ್ಬಗಳು. ರಾಯಚೂರು, ಬಳ್ಳಾರಿ ಸೀಮೆಯ ಹಲವು ಕಡೆ ಅವು ಈಗಲೂ ಇವೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ಪುರಾತತ್ತ್ವಜ್ಞರು ಅಗೆದು ನೋಡಿದಾಗ ತಿಳಿದದ್ದೇ ಬೇರೆ. ಅವು ದನದ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಉಂಟಾದ ದಿಬ್ಬಗಳು. ಆಲ್ಚಿನ್ ಎಂಬ ಇಂಗ್ಲಿಷ್ ವಿದ್ವಾಂಸರು 1957ರಲ್ಲಿ ಪಕ್ಕದ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತುಗಳೇ ದೊರೆತವು. ಅದಕ್ಕೂ ಮೊದಲು, 1952ರಲ್ಲಿ, ಅವರು ನಮ್ಮ ಲಿಂಗಸುಗೂರು ತಾಲ್ಲೂಕಿನಲ್ಲೇ ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿದ್ದರು. ಅಲ್ಲಿಯ ಬಂಡೆಗಳ ಮೇಲೆ ಡುಬ್ಬವುಳ್ಳ ಗೂಳಿಗಳ ಚಿತ್ರಗಳಿವೆ. ಉದ್ದನೆಯ ಕೊಂಬು, ಎತ್ತಿದ ಡುಬ್ಬ. ಬರೆದವನಿಗೆ ಆ ಪ್ರಾಣಿಯ ಮೇಲಿದ್ದ ಪ್ರೀತಿ ನೋಡಿದೊಡನೆ ಗೊತ್ತಾಗುತ್ತದೆ.

ಪ್ರೀತಿಸಿದವರೇ ತಿಂದರು ಎಂಬುದೂ ಅಷ್ಟೇ ನಿಜ. ಸುರಪುರ ಸೀಮೆಯ ಬೂದಿಹಾಳದಲ್ಲಿ (ಊರಿನ ಹೆಸರಿನಲ್ಲೇ ಬೂದಿ ಇದೆ, ನೋಡಿ) ಪ್ರೊಫೆಸರ್ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಅಗೆದಾಗ ದನಗಳನ್ನು ಕಡಿದು ಮಾಂಸ ಹಂಚಿದ ಒಂದು ನೆಲಗಟ್ಟೇ ಸಿಕ್ಕಿತು. ಮೂಳೆಗಳ ನಡುವೆ ಕಲ್ಲಿನ ಆಯುಧಗಳೂ ಇದ್ದವು. ಹಾಲು, ಗೊಬ್ಬರ, ಹೊರೆ, ಮಾಂಸ ಎಲ್ಲವೂ ಅವರಿಗೆ ಒಂದೇ ಪ್ರಾಣಿಯಿಂದ ಬರುತ್ತಿತ್ತು. ಹುರುಳಿಯನ್ನೂ ಹೆಸರನ್ನೂ ಅವರು ಬೆಳೆಯುತ್ತಿದ್ದರು. ಕೈಯಿಂದ ತಿದ್ದಿದ ಬೂದುಬಣ್ಣದ ಮಡಕೆಗಳು ಅವರಲ್ಲಿದ್ದವು. ಮಡಕೆ, ಮೂಳೆ, ನೀರು, ಬೆಂಕಿ ಇದ್ದಲ್ಲಿ ಸಾರು ಇದ್ದಿರಲೇಬೇಕೆಂದು ನಾನು ಊಹಿಸಿದರೆ ಅದು ಅತಿಯಾಗದು.

ಈಗ ಮಸ್ಕಿಗೆ ಬನ್ನಿ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರು ಇಲ್ಲಿಯ ಬೆಟ್ಟದ ಬಂಡೆಯೊಂದರಲ್ಲಿ ಅಕ್ಷರಗಳನ್ನು ಕಂಡರು. ಅಲ್ಲಿಯವರೆಗೆ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂದಷ್ಟೇ ತಿಳಿದಿದ್ದ ಅರಸನ ಸ್ವಂತ ಹೆಸರು 'ಅಶೋಕ' ಎಂಬುದನ್ನು ಮೊದಲು ಹೇಳಿದ್ದು ಮಸ್ಕಿಯ ಬಂಡೆ. ಇದನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಆದರೆ ಅದೇ ಅಶೋಕನ ಇನ್ನೊಂದು ಶಾಸನ ಅಷ್ಟಾಗಿ ನಮ್ಮವರ ಕಿವಿಗೆ ಬಿದ್ದಿಲ್ಲ. ಅದು ಅವನ ಹಿರಿಯ ಬಂಡೆಶಾಸನಗಳಲ್ಲಿ ಮೊದಲನೆಯದು. ಕರ್ನೂಲು ಸೀಮೆಯ ಎರ್ರಗುಡಿಯ ಬಂಡೆಗಳಲ್ಲೂ ಅದಿದೆ. ಹಿಂದೆ ತನ್ನ ಪಾಕಶಾಲೆಯಲ್ಲಿ ದಿನವೂ ಲಕ್ಷಾಂತರ ಪ್ರಾಣಿಗಳನ್ನು ಸೂಪಕ್ಕಾಗಿ ಕೊಲ್ಲುತ್ತಿದ್ದರು, ಈಗ ಮೂರನ್ನು ಮಾತ್ರ ಕೊಲ್ಲುತ್ತಾರೆ, ಎರಡು ನವಿಲು ಮತ್ತು ಒಂದು ಜಿಂಕೆ, ಆ ಜಿಂಕೆಯೂ ನಿತ್ಯವಿಲ್ಲ ಎಂದು ಅರಸ ಅಲ್ಲಿ ಹೇಳಿಕೊಳ್ಳುತ್ತಾನೆ. ಸೂಪ ಎಂದರೆ ಸಾರು. ಇಂಗ್ಲಿಷಿನ ಸೂಪಿಗೂ ಇದಕ್ಕೂ ಉಚ್ಚಾರದ ಹೋಲಿಕೆ ಇದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಮಾತು. ಅರಸ ಕಲ್ಲಿನಲ್ಲಿ ಕೊರೆಸಿದ್ದು ತನ್ನ ಗಡಿಗೆಯ ಲೆಕ್ಕವನ್ನು. ಪಶ್ಚಾತ್ತಾಪವನ್ನು ಅವನು ಮೊದಲು ತನ್ನ ಅಡುಗೆಮನೆಯಿಂದ ಆರಂಭಿಸಿದ.

ಬರೆದಿಟ್ಟ ಅಡುಗೆಯ ಚರಿತ್ರೆ ಮುಂದೆಯೂ ಅರಮನೆ, ಬಸದಿಗಳ ಸುತ್ತಲೇ ಇದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಹಂದಿ, ಜಿಂಕೆ, ಆಡು, ಮೀನುಗಳ ಪಾಕಗಳಿವೆ. ಜೈನಕವಿ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಪೂರ್ತಿ ಶಾಕಾಹಾರ. ಕೃಷ್ಣದೇವರಾಯನು 1520ರಲ್ಲಿ ರಾಯಚೂರು ಕೋಟೆಯನ್ನು ಗೆದ್ದ ಕಥೆಯನ್ನು ಬರೆದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ವಿಜಯನಗರದ ಅರಸರು ಎಲ್ಲ ಬಗೆಯ ಮಾಂಸವನ್ನೂ ತಿನ್ನುತ್ತಾರೆ, ದನದ ಮಾಂಸವನ್ನು ಮಾತ್ರ ಮುಟ್ಟುವುದಿಲ್ಲ, ಏಕೆಂದರೆ ಅದನ್ನು ಪೂಜಿಸುತ್ತಾರೆ ಎಂದು ದಾಖಲಿಸಿದ್ದಾನೆ. ಗೋವಿನ ಮೇಲಿನ ಆ ಭಕ್ತಿ ನಿನ್ನೆ ಮೊನ್ನೆಯದಲ್ಲ. ನೆರೆಮನೆಯವರ ಆ ಭಾವನೆಯನ್ನು ನಾವು ಹಗುರವಾಗಿ ಕಾಣಬಾರದು. ಆದರೆ ಊರ ಹೊರಗಿನ ಕೇರಿಯ ಗಡಿಗೆಯಲ್ಲಿ ಏನು ಬೇಯುತ್ತಿತ್ತೆಂದು ಬರೆಯುವವರು ಯಾರೂ ಇರಲಿಲ್ಲ. ಬಡವನ ಅಡುಗೆ ಗ್ರಂಥವಾಗಲಿಲ್ಲ.

ಆ ಕೇರಿಗೆ ಸಿಕ್ಕದ್ದು ದುಡಿದು ದಣಿದ ಎತ್ತು, ಬತ್ತಿದ ಎಮ್ಮೆ, ಹೆಚ್ಚಾಗಿ ತಾನಾಗಿ ಸತ್ತ ದನ. ಸತ್ತ ದನವನ್ನು ಹೊತ್ತು ಸಾಗಿಸುವುದು ಬಿಟ್ಟಿ ಚಾಕರಿ. ಚರ್ಮ ಹದಮಾಡಿ ಊರಿಗೆ ಮಿಣಿ, ಬಾರುಕೋಲು, ಚಪ್ಪಲಿ ಒದಗಿಸಬೇಕು. ಕೂಲಿಯ ಬದಲು ಆ ಮಾಂಸ. ಒಂದೇ ದಿನ ತಿಂದು ಮುಗಿಯದ್ದನ್ನು ಸೀಳಿ ಹಗ್ಗದ ಮೇಲೆ ಒಣಗಿಸಿ ಮಳೆಗಾಲಕ್ಕೆ ಇಟ್ಟುಕೊಂಡರು. ಅಂಬೇಡ್ಕರರು 1927ರಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸವನ್ನು ಬಿಡಿರೆಂದು ತಮ್ಮ ಜನಕ್ಕೆ ಕರೆಕೊಟ್ಟರು. 1948ರಲ್ಲಿ ಪ್ರಕಟವಾದ ಅಸ್ಪೃಶ್ಯರ ಮೂಲವನ್ನು ಕುರಿತ ಗ್ರಂಥದಲ್ಲಿ, ಸಮಾಜ ಈ ಜನರನ್ನು ದೂರ ತಳ್ಳಿದ್ದಕ್ಕೂ ಈ ಆಹಾರಕ್ಕೂ ಇದ್ದ ನಂಟನ್ನು ಅವರು ವಿವರಿಸಿದರು. ಅವರು ಬಿಡಿಸಹೊರಟದ್ದು ಬಿಟ್ಟಿ ಚಾಕರಿಯ ನೊಗವನ್ನು. ನಾವು ನೊಗವನ್ನು ಮರೆತು ನಾಚಿಕೆಯನ್ನು ಮಾತ್ರ ಉಳಿಸಿಕೊಂಡೆವು.

ನಮ್ಮ ಸಭೆಯೂ ಇದರಲ್ಲಿ ಪಾಲುಗಾರ ಎಂಬುದನ್ನು ಮರೆಮಾಚಲಾರೆ. 1606ರಲ್ಲಿ ಮಧುರೆಗೆ ಬಂದ ಯೇಸುಸಭೆಯ ರಾಬರ್ಟ್ ದೆ ನೊಬಿಲಿಯವರು ಕಾವಿ ಧರಿಸಿ, ಮಾಂಸ ತ್ಯಜಿಸಿ, ಮೇಲ್ವರ್ಗದವರ ನಡುವೆ ಸಂನ್ಯಾಸಿಯಂತೆ ಬಾಳಿದರು. ಅದು ದೊಡ್ಡ ತ್ಯಾಗವೇ ಸರಿ. ಆದರೆ ಕೆಳಗಿನವರ ಮನೆಯಲ್ಲಿ ಉಣ್ಣಲು ಆ ಸಂನ್ಯಾಸಿಗೆ ಸಾಧ್ಯವಾಗಲಿಲ್ಲ. ಅವರ ಸೇವೆಗೆ 'ಪಂಡಾರಸ್ವಾಮಿ'ಗಳೆಂಬ ಬೇರೆ ಗುರುಗಳ ವರ್ಗವೇ ಮುಂದೆ ಹುಟ್ಟಿತು. ಒಂದೇ ಬಲಿಪೀಠ, ಎರಡು ಪಂಕ್ತಿ. ಸಹೋದರನಿಗೆ ಅಡ್ಡಿಯಾಗುವುದಾದರೆ ಮಾಂಸವನ್ನೇ ತಿನ್ನೆನೆಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ನಿಜ. ಅದು ಅವರು ತಮಗೆ ತಾವೇ ಹಾಕಿಕೊಂಡ ನಿಯಮ. ಬಡವನ ಮನೆಯಲ್ಲಿ ಮೂಗು ಮುಚ್ಚಿಕೊಳ್ಳಲು ಕೊಟ್ಟ ಅನುಮತಿಯಲ್ಲ.

ಇನ್ನು ಆ ಹುಡುಗ ಹಾಕಿದ ಡಬ್ಬು ಮೆಣಸಿನಕಾಯಿ. ಕೊಲಂಬಸ್ 1492ರಲ್ಲಿ ಅಮೆರಿಕ ಖಂಡದ ಕಡೆಗೆ ಹೋಗುವವರೆಗೆ ನಮ್ಮಲ್ಲಿ ಯಾವ ಮೆಣಸಿನಕಾಯಿಯೂ ಇರಲಿಲ್ಲ. ಇದ್ದದ್ದು ಮಲೆನಾಡಿನ ಕಪ್ಪು ಮೆಣಸು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಆ ಶತಮಾನದಲ್ಲಿ ಅವರ ಹಡಗುಗಳಲ್ಲಿ ಬಂದ ಕಾಯಿಗೆ ನಮ್ಮವರು ಮೆಣಸಿನ ಹೆಸರನ್ನೇ ಇಟ್ಟು ಮೆಣಸಿನಕಾಯಿ ಎಂದರು. ಬ್ಯಾಡಗಿ ಮೆಣಸಿನಕಾಯಿಯೂ ಡಬ್ಬು ಮೆಣಸಿನಕಾಯಿಯೂ ಒಂದೇ ಜಾತಿಯ ಸಸ್ಯ. ಖಾರದ ಅಂಶ ಇಲ್ಲದಿರುವುದೇ ಡಬ್ಬುವಿನ ವಿಶೇಷ. ಗೋವೆಯ ಕಡೆಯಿಂದಲೇ ನಮ್ಮ ಮುದಗಲ್ಲಿಗೆ, ಬಿಜಾಪುರದ ಆದಿಲಶಾಹಿ ಅರಸರ ಕಾಲದಲ್ಲಿ, ಕಥೋಲಿಕ ವಿಶ್ವಾಸವೂ ಬಂದಿತು. ರೊಟ್ಟಿಯ ಜೋಳವೂ ಬಹು ಹಿಂದೆ ಆಫ್ರಿಕದಿಂದ ಬಂದ ಧಾನ್ಯವೇ. ಸೂಪ್ ಎಂಬ ಮಾತು ಇಂಗ್ಲಿಷರ ಜೊತೆಗೆ ಬಂತು. ಲಿಂಗಸುಗೂರು ಒಂದು ಕಾಲಕ್ಕೆ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ದಂಡಿನ ಊರಾಗಿತ್ತು, 1905ರವರೆಗೆ ಜಿಲ್ಲಾ ಕೇಂದ್ರವೂ ಆಗಿತ್ತು. ಹೀಗೆ ಆ ಗಡಿಗೆಯಲ್ಲಿ ಎಲ್ಲರಿಗಿಂತ ಹಳೆಯ ನಿವಾಸಿ ಮಾಂಸವೇ. ಹೊಸದಾಗಿ ಬಂದ ಡಬ್ಬು ಮೆಣಸಿನಕಾಯಿಯನ್ನು ಸಂತೆಯಲ್ಲಿ ತಲೆ ಎತ್ತಿ ಕೊಳ್ಳುತ್ತೇವೆ, ಹಳೆಯದನ್ನು ಮೊರ ಮುಚ್ಚಿ ಬಚ್ಚಿಡುತ್ತೇವೆ.

ಕಾಯಿದೆಯ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಕುಟುಂಬಗಳು ಇದನ್ನು ತಿಳಿದಿರಬೇಕು. 1964ರ ಕಾಯಿದೆಯ ಪ್ರಕಾರ 12 ವರ್ಷ ದಾಟಿದ ಎತ್ತು, ಎಮ್ಮೆಗಳನ್ನು ಪ್ರಮಾಣಪತ್ರ ಪಡೆದು ಕಡಿಯಬಹುದಿತ್ತು. 2021ರಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ ಹಸು, ಕರು, ಎತ್ತು, ಗೂಳಿ ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ, ಅದೂ ಪ್ರಮಾಣಪತ್ರದ ಮೇಲೆ, ಅವಕಾಶವಿದೆ. ಆದುದರಿಂದ ಈ ಸಾರಿಗೆ ಪರವಾನಗಿಯುಳ್ಳ ಅಂಗಡಿಯ ಎಮ್ಮೆ ಮಾಂಸವೇ ಸರಿ.

ಅಷ್ಟು ವಯಸ್ಸಾದ ಪ್ರಾಣಿಯ ಮಾಂಸ ಬಿರುಸು. ಅದನ್ನು ಮೆತ್ತಗಾಗಿಸುವ ವಿದ್ಯೆ ಕೇರಿಯ ತಾಯಂದಿರಿಗೆ ತಲೆಮಾರುಗಳಿಂದ ಗೊತ್ತು: ಸಣ್ಣ ಉರಿ ಮತ್ತು ತಾಳ್ಮೆ. ಆ ಹುಡುಗನಿಂದ ಕೇಳಿ ಬರೆದುಕೊಂಡ ಕ್ರಮ ಹೀಗಿದೆ. ಕಾಲಿನ ಭಾಗದ ಮೂಳೆಸಹಿತ ಮಾಂಸ ಅರ್ಧ ಕಿಲೋ ತೆಗೆದುಕೊಂಡು ತೊಳೆದು, ಎರಡು ಲೀಟರ್ ತಣ್ಣೀರಿನಲ್ಲಿಟ್ಟು ಒಲೆ ಹೊತ್ತಿಸಬೇಕು. ಮೇಲೆ ಬರುವ ನೊರೆಯನ್ನು ಸೌಟಿನಿಂದ ತೆಗೆಯುತ್ತಿರಬೇಕು. ಇದನ್ನು ಬಿಟ್ಟರೆ ಸಾರು ಮಬ್ಬಾಗುತ್ತದೆ. ಬಳಿಕ ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಹತ್ತು ಕಾಳುಮೆಣಸು, ಒಂದು ಉಳ್ಳಾಗಡ್ಡಿ, ಉಪ್ಪು. ಎರಡೂವರೆ ಗಂಟೆ ಸಣ್ಣ ಉರಿಯಲ್ಲಿ ಬೇಯಲಿ. ಕುಕ್ಕರಿನಲ್ಲಾದರೆ ಮುಕ್ಕಾಲು ಗಂಟೆ. ಮೂಳೆ ಮತ್ತು ನರಗಳಲ್ಲಿರುವ ಗಟ್ಟಿ ಅಂಶ ನಿಧಾನವಾಗಿ ಕರಗಿ ಸಾರಿಗೆ ಅಂಟು ಬರುತ್ತದೆ. ಅವಸರ ಮಾಡಿದರೆ ನೀರು ನೀರೇ. ಎರಡು ಡಬ್ಬು ಮೆಣಸಿನಕಾಯಿಗಳನ್ನು ಕೆಂಡದ ಮೇಲೆ ಸಿಪ್ಪೆ ಕಪ್ಪಾಗುವಂತೆ ಸುಟ್ಟು, ಸಿಪ್ಪೆ ಉಜ್ಜಿ ತೆಗೆದು, ಹೆಚ್ಚಿ, ಇಳಿಸಲು ಹತ್ತು ನಿಮಿಷ ಇರುವಾಗ ಹಾಕಬೇಕು. ಮೊದಲೇ ಹಾಕಿದರೆ ಬಣ್ಣವೂ ಕಂಪೂ ಹೋಗುತ್ತವೆ. ಹೋಟೆಲಿನಲ್ಲಿ ಗಟ್ಟಿಯಾಗಲು ಕಾರ್ನ್‌ಫ್ಲೋರ್ ಹಾಕುತ್ತಾರಂತೆ. ಇಲ್ಲಿ ಅವನು ಒಂದು ಚಮಚ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಹೊಯ್ದಿದ್ದ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಸಿಂಧನೂರಿನ ಕಪ್ಪು ಹೊಲಗಳಲ್ಲಿ ಭತ್ತ ನಿಂತು ಜೋಳ ಹಿಂದೆ ಸರಿದಿದೆ. ಆದರೂ ಆ ಮನೆಯಲ್ಲಿ ಒಂದು ಡಬ್ಬಿ ಜೋಳದ ಹಿಟ್ಟು ಇತ್ತು. ನಾಲ್ಕೈದು ಜನರಿಗೆ ರೊಟ್ಟಿಯೊಡನೆ ಸಾಕಾಗುತ್ತದೆ. ಶುಕ್ರವಾರ ಮತ್ತು ತಪಸ್ಸುಕಾಲದ ನಿಯಮವನ್ನು ನಿಮಗೆ ನೆನಪಿಸಬೇಕಾಗಿಲ್ಲ.

ಆ ದಿನ ಅದು ಶುಕ್ರವಾರವಾಗಿರಲಿಲ್ಲ. ಹಿತ್ತಿಲಿಗೆ ಹೋದ ಗಡಿಗೆಯನ್ನು ಒಳಗೆ ತರುವಂತೆ ನಾನೇ ಕೇಳಿಕೊಂಡೆ. ತಾಯಿ ಮೊದಲು ಒಪ್ಪಲಿಲ್ಲ. ತತ್ತಿ ಸಾರು ಆರಿಹೋಗುತ್ತದೆಂದು ನೆವ ಹೇಳಿದರು. ಕೊನೆಗೆ ಮಗನೇ ಹೋಗಿ ತಂದ. ಅವರು ನೆಲದ ಮೇಲೆ ಕುಳಿತು ಸ್ಟೀಲಿನ ಬಟ್ಟಲಿಗೆ ಬಡಿಸಿ, ನಾನು ಮೊದಲ ಗುಟುಕು ಕುಡಿಯುವವರೆಗೂ ಸೌಟು ಕೆಳಗಿಡಲಿಲ್ಲ.

"ಉಪ್ಪು ಸರಿ ಐತೇನ್ರಿ ಫಾದರ್?" ಎಂದು ಕೇಳಿದರು.

ತುಸು ಹೆಚ್ಚಾಗಿತ್ತು. ಹಾಗೆಂದೇ ಹೇಳಿದೆ. ಅವರು ಮಗನನ್ನು ಬೈದರು.