ಆದ್ದರಿಂದ

ರಜೆ ಕೇಳುವ ಅರ್ಜಿಯಲ್ಲಿ, ರೇಖಾಗಣಿತದ ಪ್ರಮೇಯದ ಕೊನೆಯಲ್ಲಿ, ನ್ಯಾಯಾಲಯದ ತೀರ್ಪಿನಲ್ಲಿ 'ಆದ್ದರಿಂದ' ತಪ್ಪದೆ ಸಿಗುತ್ತದೆ. ಆಡುಮಾತಿನಲ್ಲಿ ಅದು ಅಪರೂಪ. ಅಲ್ಲಿ ಮೈಸೂರು ಕಡೆಯವರು 'ಅದಕ್ಕೇ' ಅನ್ನುತ್ತಾರೆ, ಧಾರವಾಡದ ಕಡೆಯವರು 'ಹಿಂಗಾಗಿ' ಅನ್ನುತ್ತಾರೆ. ವಚನಕಾರರು 'ಇದು ಕಾರಣ' ಎಂದು ಹೇಳಿ ಮುಂದೆ ಸಾಗುತ್ತಿದ್ದರು. ಬಳಕೆ ಬೇರೆ ಬೇರೆಯಾದರೂ ಕೆಲಸ ಒಂದೇ: ಒಂದು ಸಂಗತಿಯನ್ನು ಇನ್ನೊಂದಕ್ಕೆ ಕಟ್ಟುವುದು. ಸಣ್ಣಕತೆಯ ಕೆಲಸವೂ ಬಹುಪಾಲು ಇದೇ.

ಪದವನ್ನು ಬಿಡಿಸಿದರೆ 'ಆದುದರಿಂದ' ಎಂದಾಗುತ್ತದೆ. ಆದದ್ದು ಏನೋ ಒಂದಿದೆ, ಅದರಿಂದ ಇನ್ನೊಂದು ಹೊರಟಿತು. 'ಇಂದ' ಎಂಬ ಪ್ರತ್ಯಯದ ವ್ಯಾಪ್ತಿ ದೊಡ್ಡದು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆದಾಗ ಇದರ ಹಳೆಯ ರೂಪಗಳು ತೃತೀಯಾ ವಿಭಕ್ತಿಯಲ್ಲಿ ಸೇರಿದ್ದವು. ಇಂದು ಕುಡುಗೋಲಿನಿಂದ ಕೊಯ್ಯುತ್ತೇವೆ, ಊರಿನಿಂದ ಬರುತ್ತೇವೆ, ನಿನ್ನೆಯಿಂದ ಕಾಯುತ್ತೇವೆ, ಜ್ವರದಿಂದ ನರಳುತ್ತೇವೆ. ಸಾಧನ, ಸ್ಥಳ, ಕಾಲ, ಕಾರಣ ಎಲ್ಲವನ್ನೂ ಒಂದೇ ಪ್ರತ್ಯಯ ಹೊತ್ತಿದೆ. ಕನ್ನಡಕ್ಕೆ ಕಾರಣವೆಂದರೆ ಹೊರಟು ಬಂದ ಜಾಗವೂ ಹೌದು.

ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1927ರಲ್ಲಿ ಕಾದಂಬರಿಯ ಬಗ್ಗೆ ಪ್ರಕಟಿಸಿದ ಉಪನ್ಯಾಸಗಳಲ್ಲಿ ಕತೆಗೂ ಕಥಾಸಂವಿಧಾನಕ್ಕೂ ಇರುವ ವ್ಯತ್ಯಾಸವನ್ನು ಒಬ್ಬ ರಾಜ, ಒಬ್ಬಳು ರಾಣಿಯ ಸಾವಿನ ಮೂಲಕ ವಿವರಿಸಿದ. ರಾಜನ ನಂತರ ರಾಣಿಯೂ ಹೋದಳು ಎಂದಷ್ಟೇ ಹೇಳಿದರೆ ಅದು ಕತೆ. ಆಕೆ ಹೋದದ್ದು ದುಃಖದಿಂದ ಎಂದು ತಿಳಿದ ಕೂಡಲೇ ಸಂವಿಧಾನ. ಕನ್ನಡದಲ್ಲಿ ಈ ವ್ಯತ್ಯಾಸವನ್ನೆಲ್ಲ 'ದುಃಖದಿಂದ' ಎಂಬಲ್ಲಿನ 'ಇಂದ' ಒಂದೇ ನಿಭಾಯಿಸುತ್ತದೆ. ಕತೆ ಕೇಳುವ ಮಗು 'ಆಮೇಲೆ?' ಅನ್ನುತ್ತದೆ. ಅದೇ ಮಗು 'ಯಾಕೆ?' ಎಂದು ಕೇಳಿದ ದಿನ ಅದಕ್ಕೆ ಓದುಗನ ಬುದ್ಧಿ ಬಂದಿದೆ ಎಂದು ತಿಳಿಯಬೇಕು.

ಆ 'ಯಾಕೆ' ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಅದು ಚತುರ್ಥಿ ವಿಭಕ್ತಿಯ ಮಾತು, 'ಏನಕ್ಕೆ' ಎಂಬುದರ ಇನ್ನೊಂದು ರೂಪ. 'ಅದಕ್ಕೇ' ಎಂಬ ಉತ್ತರವೂ ಚತುರ್ಥಿಯದೇ. 'ಇಂದ' ಹಿಂದಿನದನ್ನು ತೋರಿಸುತ್ತದೆ, 'ಕ್ಕೆ' ಬಹಳ ಸಲ ಮುಂದಿನದನ್ನು. ಮಳೆಯಿಂದ ಬೆಳೆ ಬಂತು, ಬೆಳೆಗೆ ಉತ್ತೆವು. ಲೋಕದಲ್ಲಿ ಘಟನೆಗಳು 'ಇಂದ'ದಲ್ಲಿ ನಡೆಯುತ್ತವೆ, ಮನುಷ್ಯರು 'ಕ್ಕೆ'ಯಲ್ಲಿ ನಡೆಯುತ್ತಾರೆ. ಯಾವುದಕ್ಕೆ ಮಾಡಿದೆವು, ಅದರಿಂದ ಏನಾಯಿತು ಎಂಬ ಎರಡೂ ಸರಿಯಾಗಿ ಹೊಂದಿಕೊಂಡರೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ. ಅವೆರಡರ ನಡುವೆ ಅಂತರ ಬಿದ್ದಲ್ಲಿ ಸಣ್ಣಕತೆ ಹುಟ್ಟುತ್ತದೆ.

ಮಾಸ್ತಿಯವರ 'ಮೊಸರಿನ ಮಂಗಮ್ಮ'ನನ್ನು ನೋಡಿ. ಸೊಸೆ ನಂಜಮ್ಮ ತನ್ನ ಮಗುವನ್ನು ಹೊಡೆಯುತ್ತಾಳೆ, ಮಂಗಮ್ಮ ಗದರುತ್ತಾಳೆ, ಮಗ ಹೆಂಡತಿಯ ಪರ ನಿಲ್ಲುತ್ತಾನೆ, ಅತ್ತೆ ಬೇರೆಯಾಗುತ್ತಾಳೆ. ಇಲ್ಲಿಯವರೆಗೆ ನೇರವಾದ 'ಆದ್ದರಿಂದ'ಗಳು. ಆಮೇಲೆ ರಂಗಪ್ಪ ಎಂಬವನು ಮಂಗಮ್ಮನ ದಾರಿಯಲ್ಲಿ ಎದುರಾಗಿ ಸಾಲ ಕೇಳತೊಡಗುತ್ತಾನೆ. ಅತ್ತೆಯ ದುಡ್ಡು ಅವನ ಪಾಲಾದೀತೆಂಬ ಭಯದಿಂದ ನಂಜಮ್ಮ ಮಗುವನ್ನು ಅಜ್ಜಿಯ ಹತ್ತಿರ ಕಳಿಸುತ್ತಾಳೆ. ಅವಳು ಕಳಿಸಿದ್ದು ದುಡ್ಡು ಉಳಿಸುವುದಕ್ಕೆ. ಅದರಿಂದ ಆದದ್ದು ಮನೆ ಒಂದಾದದ್ದು. ಮೊದಲು ಮನೆ ಒಡೆದದ್ದು ಮಗುವಿನ ನೆಪದಿಂದ, ಕೊನೆಗೆ ಕೂಡಿದ್ದೂ ಮಗುವಿನ ನೆಪದಿಂದ. ಲೆಕ್ಕಾಚಾರದಿಂದ ಹೊರಟ ಕೆಲಸ ಅಕ್ಕರೆಯಲ್ಲಿ ಮುಗಿದರೂ ಮಾಸ್ತಿಯವರು ಆ ಲೆಕ್ಕಾಚಾರವನ್ನು ಮುಚ್ಚಿಡುವುದಿಲ್ಲ, ಅದಕ್ಕಾಗಿ ನಂಜಮ್ಮನನ್ನು ಹಳಿಯುವುದೂ ಇಲ್ಲ. ಆ ಕತೆಯ ದೊಡ್ಡತನ ಅಲ್ಲಿದೆ.

ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕತೆ'ಯಲ್ಲಿ ಇದೇ ಅಂತರ ಕ್ರೂರವಾಗುತ್ತದೆ. ತಬರ ತನಗೆ ಬರಬೇಕಾದ ಹಣಕ್ಕೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಇತ್ತ ಮನೆಯಲ್ಲಿ ಹೆಂಡತಿಯ ಕಾಯಿಲೆ ಬೆಳೆಯುತ್ತದೆ. ಆಕೆಗೆ ಕೇಡಾಗಲಿ ಎಂದು ಯಾರೂ ಬಯಸಿಲ್ಲ. ಪ್ರತಿಯೊಬ್ಬನೂ ತನ್ನ ಮೇಜಿನ ಮುಂದಿನ ನಿಯಮಕ್ಕೆ ತಕ್ಕಂತೆ ನಡೆದುಕೊಂಡಿದ್ದಾನೆ. ಯಾರ 'ಕ್ಕೆ'ಯೂ ಇಲ್ಲದ ಒಂದು 'ಇಂದ' ಬಡವನ ಮನೆಯನ್ನು ಮುರಿಯುತ್ತದೆ. ವ್ಯವಸ್ಥೆ ಎಂಬ ಮಾತಿನ ಅರ್ಥ ನನಗೆ ಹೊಳೆದದ್ದು ಯಾವ ಪ್ರಬಂಧದಿಂದಲೂ ಅಲ್ಲ, ಇಂಥ ಕತೆಯಿಂದ.

ಗಮನಿಸಬೇಕಾದದ್ದು ಇನ್ನೊಂದಿದೆ. ಒಳ್ಳೆಯ ಕತೆಗಾರರು 'ಆದ್ದರಿಂದ' ಎಂಬ ಪದವನ್ನು ಬರೆಯುವುದು ಕಡಿಮೆ. ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನಡುವಿನ ಜಾಗವನ್ನು ಓದುಗನಿಗೆ ಬಿಡುತ್ತಾರೆ. ಓದುವವನು ಅಲ್ಲಿ ತಾನೇ 'ಆದ್ದರಿಂದ' ಹಾಕಿಕೊಂಡಾಗ ಕತೆ ಅವನದೂ ಆಗುತ್ತದೆ. ಅವನು ಹಾಕಿದ್ದು ತಪ್ಪೂ ಆಗಬಹುದು. ಅಂಥ ಕಡೆ ಅದೇ ಕುಟುಂಬದ ಇನ್ನಿಬ್ಬರು ಕೆಲಸಕ್ಕೆ ಬರುತ್ತಾರೆ: 'ಆದರೆ', 'ಆದರೂ'. ಇವೂ 'ಆಗು' ಕ್ರಿಯಾಪದದಿಂದ ಬಂದವು. 'ಆದರೆ' ಬಂದಲ್ಲಿ ಕತೆ ತಿರುಗುತ್ತದೆ. 'ಆದರೂ' ಬಂದಲ್ಲಿ ಪಾತ್ರದ ಗಟ್ಟಿತನ ಕಾಣುತ್ತದೆ, ಏಕೆಂದರೆ ಕಾರಣವಿದ್ದೂ ಕಾರ್ಯಕ್ಕೆ ಒಪ್ಪದವನು ಅಲ್ಲಿ ನಿಂತಿರುತ್ತಾನೆ.

ಮಕ್ಕಳಿಗೆ ಕತೆ ಪಾಠ ಮಾಡುವವರಲ್ಲಿ ನನ್ನದೊಂದು ವಿನಂತಿ. ಸಾರಾಂಶ ಬರೆಸುವ ಮುಂಚೆ ಪ್ರತಿ ಘಟನೆಗೂ ಎರಡು ಪ್ರಶ್ನೆ ಕೇಳಿಸಿ: ಇದು ಯಾವುದರಿಂದ ಆಯಿತು? ಈ ಮನುಷ್ಯ ಯಾವುದಕ್ಕೆ ಹೀಗೆ ಮಾಡಿದ? ಮೊದಲನೆಯದರಿಂದ ಕತೆಯ ಕಟ್ಟು ತಿಳಿಯುತ್ತದೆ, ಎರಡನೆಯದರಿಂದ ಮನುಷ್ಯ ತಿಳಿಯುತ್ತಾನೆ. ಎರಡಕ್ಕೂ ಬೇರೆ ಬೇರೆ ಉತ್ತರ ಬರಬಹುದು ಎಂದು ಕಲಿತ ಮಗು, ನಾಳೆ ನೆರೆಯವನು ತಪ್ಪು ಮಾಡಿದಾಗ ಆದದ್ದನ್ನಷ್ಟೇ ಹಿಡಿದು ತೀರ್ಪು ಕೊಡುವುದಿಲ್ಲ. ಅವನು ಯಾತಕ್ಕೆ ಹೊರಟಿದ್ದ ಎಂದೂ ಕೇಳುತ್ತದೆ.