ಟ್ರೇನರ್ ವಿಮಾನ ಕಲಿತಾಯ್ತು, ಮುಂದೆ ಫೈಟರ್ ಜೆಟ್ ತರಬಹುದೇ?

ರಿಮೋಟ್ ವಿಮಾನ ಹಾರಿಸುವವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮಾತು ಆಗಾಗ ಬರುತ್ತದೆ: "ಟ್ರೇನರ್ ಹಾರಿಸಲು ಬಂದರೆ ಸಾಕು, ಮುಂದೆ ಯಾವ ವಿಮಾನ ಬೇಕಾದರೂ ಹಾರಿಸಬಹುದು." ಜೊತೆಗೆ ಫೈಟರ್ ಜೆಟ್ ಮಾದರಿಯೊಂದು ತಲೆಯ ಮೇಲೆ ಸುಂಯ್ ಎಂದು ಹಾದುಹೋಗುವ ವಿಡಿಯೊ. ಈ ಮಾತು ಎಷ್ಟು ನಿಜ? ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯಂಥ ಊರಿನ ಹೊಲದಲ್ಲಿ ನಿಂತು ನೋಡೋಣ.

ಚುಟುಕಾಗಿ ಹೇಳುವುದಾದರೆ: ನಿಜವಲ್ಲ. ಟ್ರೇನರ್ ನಂತರ ಒಂದು ಮೆಟ್ಟಿಲು ಮಾತ್ರ ಹತ್ತಬೇಕು. ಆ ಮೆಟ್ಟಿಲು ಎಲೆರಾನ್ ಇರುವ, ನಿಧಾನವಾಗಿಯೂ ಹಾರಬಲ್ಲ, ರೆಕ್ಕೆ ಕೆಳಗಿರುವ ಸಾಧಾರಣ ಸ್ಪೋರ್ಟ್ ವಿಮಾನ. ಜೆಟ್ ಅದಕ್ಕಿಂತ ಎರಡು ಮೂರು ಮೆಟ್ಟಿಲು ಮೇಲಿದೆ.

ಟ್ರೇನರ್ ನಿಮ್ಮ ತಪ್ಪನ್ನು ಹೇಗೆ ಮುಚ್ಚುತ್ತದೆ?

ಟ್ರೇನರ್ ವಿಮಾನದ ರೆಕ್ಕೆ ಮೈಯ ಮೇಲ್ಭಾಗದಲ್ಲಿರುತ್ತದೆ, ಅದರ ತುದಿಗಳು ಸ್ವಲ್ಪ ಮೇಲಕ್ಕೆ ಬಾಗಿರುತ್ತವೆ. ಹೀಗಾಗಿ ವಿಮಾನ ಒಂದು ಕಡೆ ವಾಲಿದಾಗ ನೀವು ಕಡ್ಡಿ ಬಿಟ್ಟರೆ ಅದು ತಾನಾಗಿಯೇ ಸಮಕ್ಕೆ ಬರಲು ನೋಡುತ್ತದೆ. ಸ್ಪೋರ್ಟ್ ವಿಮಾನಕ್ಕೆ ಈ ಗುಣ ಕಡಿಮೆ. ವಾಲಿಸಿ ಬಿಟ್ಟರೆ ವಾಲಿದಂತೆಯೇ ಹೋಗುತ್ತದೆ, ನೀವೇ ಸಮಕ್ಕೆ ತರಬೇಕು. ಎರಡನೆಯ ವಿಮಾನದಲ್ಲಿ ಕಲಿಯಬೇಕಾದ ಮುಖ್ಯ ಪಾಠ ಇದೇ. ಆ ಪಾಠವನ್ನು ನಿಧಾನವಾದ ವಿಮಾನದಲ್ಲಿ ಕಲಿತರೆ ಯೋಚಿಸಲು ಸಮಯ ಸಿಗುತ್ತದೆ.

ಸಮಯದ ಲೆಕ್ಕ ನೋಡಿ. 150 ಮೀಟರ್ ಉದ್ದದ ಹೊಲವನ್ನು ಗಂಟೆಗೆ 40 ಕಿ.ಮೀ. ವೇಗದ ವಿಮಾನ ದಾಟಲು ಸುಮಾರು 13 ಸೆಕೆಂಡು ಬೇಕು. 90 ಕಿ.ಮೀ. ವೇಗದ್ದು 6 ಸೆಕೆಂಡಿನಲ್ಲಿ ದಾಟಿ ಪಕ್ಕದ ತೆಂಗಿನ ತೋಟದೊಳಗಿರುತ್ತದೆ.

ಮಾತು 1: "ಥರ್ಮಾಕೋಲ್ ತಾನೇ, ಬಿದ್ದರೆ ಏನಾಗುತ್ತೆ?"

ತಪ್ಪು. ಫೋಮ್ ಮೈಯೊಳಗೆ ಮೋಟಾರು, ಬ್ಯಾಟರಿ ಇವೆ, ಮುಂದೆ ತಿರುಗುವ ಪ್ರೊಪೆಲ್ಲರ್ ಇದೆ. ಏಟಿನ ಜೋರು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ದುಪ್ಪಟ್ಟಾದರೆ ಏಟಿನ ಶಕ್ತಿ ನಾಲ್ಕು ಪಟ್ಟು.

ಇದನ್ನು ತೆಂಗಿನಕಾಯಿಯ ಲೆಕ್ಕದಲ್ಲಿ ಹೇಳಬಹುದು. ವಿಮಾನದಷ್ಟೇ ತೂಕದ ಕಾಯಿ ಎಷ್ಟು ಎತ್ತರದಿಂದ ಬಿದ್ದರೆ ಅಷ್ಟೇ ಶಕ್ತಿ ಬರುತ್ತದೆ?

• ಗಂಟೆಗೆ 40 ಕಿ.ಮೀ.: ಸುಮಾರು 6 ಮೀಟರ್ ಎತ್ತರದಿಂದ
• ಗಂಟೆಗೆ 60 ಕಿ.ಮೀ.: ಸುಮಾರು 14 ಮೀಟರ್, ಅಂದರೆ ಬೆಳೆದ ತೆಂಗಿನ ಮರದ ಎತ್ತರದಿಂದ
• ಗಂಟೆಗೆ 90 ಕಿ.ಮೀ.: ಸುಮಾರು 32 ಮೀಟರ್, ಅಂದರೆ ಅಂಥ ಎರಡು ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರದಿಂದ

ಕಾಯಿ ಕೀಳುವಾಗ ಮರದ ಕೆಳಗೆ ಯಾರನ್ನೂ ನಿಲ್ಲಲು ಬಿಡದ ನಾವು, ಇದರ ಕೆಳಗೆ ಮಕ್ಕಳನ್ನು ನಿಲ್ಲಿಸಬಾರದು.

ಮಾತು 2: "ಚಿಕ್ಕದಾದಷ್ಟೂ ಸುಲಭ"

ಅರ್ಧ ಸತ್ಯ. ಚಿಕ್ಕ ವಿಮಾನದ ಏಟು ಕಡಿಮೆ, ಆದರೆ ಗಾಳಿಗೆ ತರಗೆಲೆಯಂತೆ ತೂರಾಡುತ್ತದೆ. ದೂರ ಹೋದರೆ ಮುಖ ಯಾವುದು, ಬಾಲ ಯಾವುದು ಎಂದೇ ತಿಳಿಯುವುದಿಲ್ಲ. ಎರಡನೆಯ ವಿಮಾನಕ್ಕೆ 1.2ರಿಂದ 1.5 ಮೀಟರ್ ರೆಕ್ಕೆಯಗಲ ಹದವಾದ ಅಳತೆ.

ಗಾತ್ರಕ್ಕಿಂತ ಮುಖ್ಯವಾದದ್ದು ರೆಕ್ಕೆಯ ಮೇಲಿನ ಭಾರ. 1.4 ಮೀಟರ್ ಉದ್ದ, 20 ಸೆಂ.ಮೀ. ಅಗಲದ ರೆಕ್ಕೆಯ ಟ್ರೇನರ್ 1.1 ಕೆ.ಜಿ. ಇದೆ ಎನ್ನಿ. ರೆಕ್ಕೆಯನ್ನು 10 ಸೆಂ.ಮೀ. ಚೌಕಗಳಾಗಿ ಭಾಗ ಮಾಡಿದರೆ 28 ಚೌಕ, ಒಂದೊಂದರ ಮೇಲೆ 39 ಗ್ರಾಂ ಭಾರ. 1 ಮೀಟರ್ ಉದ್ದ, 18 ಸೆಂ.ಮೀ. ಅಗಲದ ರೆಕ್ಕೆಯ ಫೈಟರ್ ಮಾದರಿ 1.4 ಕೆ.ಜಿ. ಇದ್ದರೆ 18 ಚೌಕ, ಒಂದೊಂದರ ಮೇಲೆ 78 ಗ್ರಾಂ. ಭಾರ ದುಪ್ಪಟ್ಟಾದರೆ, ಬೀಳದೆ ಹಾರಲು ಬೇಕಾದ ಕನಿಷ್ಠ ವೇಗ ಸುಮಾರು 1.4 ಪಟ್ಟಾಗುತ್ತದೆ. ಇಳಿಸುವಾಗಲೂ ಅಷ್ಟು ವೇಗದಲ್ಲೇ ಬರಬೇಕು. ಕೊಳ್ಳುವ ಮುನ್ನ ಈ ಭಾಗಾಕಾರ ಮಾಡಿ. ಉತ್ತರ ನಿಮ್ಮ ಟ್ರೇನರ್‌ನ ಒಂದೂವರೆ ಪಟ್ಟು ಮೀರಿದರೆ ಸದ್ಯಕ್ಕೆ ಬಿಟ್ಟುಬಿಡಿ.

ಅರಸೀಕೆರೆ ಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇ 7ರಷ್ಟು ಕಡಿಮೆ. ಹೀಗಾಗಿ ಮಂಗಳೂರಿನಲ್ಲಿ ಹಾರುವ ಅದೇ ವಿಮಾನಕ್ಕೆ ಇಲ್ಲಿ ಸುಮಾರು ಶೇ 4ರಷ್ಟು ಹೆಚ್ಚು ವೇಗ ಬೇಕು. ಬಿಸಿಲೇರಿದಂತೆ ಗಾಳಿ ಇನ್ನಷ್ಟು ತೆಳುವಾಗುತ್ತದೆ. ಹಗುರ ವಿಮಾನಕ್ಕೆ ಇದು ಗೊತ್ತೂ ಆಗುವುದಿಲ್ಲ, ಭಾರದ್ದಕ್ಕೆ ಗೊತ್ತಾಗುತ್ತದೆ.

ಮಾತು 3: "ಗೈರೋ ಇದ್ದರೆ ವಿಮಾನ ಬೀಳುವುದೇ ಇಲ್ಲ"

ತಪ್ಪು. ಗೈರೋ ಗಾಳಿಯ ಕುಲುಕಾಟವನ್ನು ಸರಿಪಡಿಸುತ್ತದೆ, ವೇಗ ಕೊಡುವುದಿಲ್ಲ. ವೇಗ ತೀರಾ ಇಳಿದಾಗ ಮೂತಿ ಎತ್ತಿದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕದಡಿ, ಎತ್ತುವ ಬಲ ಒಮ್ಮೆಲೇ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಗೈರೋ ಇದನ್ನು ತಡೆಯದು. ಸಾಕಷ್ಟು ಎತ್ತರದಲ್ಲಿ ಬೇಕೆಂದೇ ಸ್ಟಾಲ್ ಮಾಡಿ, ಮೂತಿ ತಗ್ಗಿಸಿ ವೇಗ ಪಡೆದು ಸಮಕ್ಕೆ ತರುವುದನ್ನು ಅಭ್ಯಾಸ ಮಾಡಿ.

ಮಾತು 4: "ದೊಡ್ಡ ಬ್ಯಾಟರಿ ಹಾಕಿದರೆ ಹೆಚ್ಚು ಹೊತ್ತು ಹಾರುತ್ತದೆ"

ಮನಬಂದಂತೆ ಹಾಕಿದರೆ ಅಲ್ಲ. ಬ್ಯಾಟರಿ ಭಾರವಾದಂತೆ ರೆಕ್ಕೆಯ ಮೇಲಿನ ಭಾರವೂ ಏರುತ್ತದೆ, ತೂಕದ ನಡುಬಿಂದು ಜರುಗುತ್ತದೆ. ನಡುಬಿಂದು ಹಿಂದಕ್ಕೆ ಸರಿದರೆ ವಿಮಾನ ಹಿಡಿತಕ್ಕೇ ಸಿಗುವುದಿಲ್ಲ. ನಿಮ್ಮಲ್ಲಿರುವ ಬ್ಯಾಟರಿಯೇ ಹೊಂದುವ ವಿಮಾನ ಆರಿಸಿಕೊಂಡರೆ ಹಣವೂ ಉಳಿಯುತ್ತದೆ. ಲಿಪೋ ಬ್ಯಾಟರಿ ಉಬ್ಬಿದ್ದರೆ, ನೆಗ್ಗಿದ್ದರೆ ಬಳಸಬೇಡಿ. ಚಾರ್ಜ್‌ಗೆ ಹಾಕಿ ಮಲಗಬೇಡಿ. ಕೊಬ್ಬರಿ ಅಟ್ಟ, ತೆಂಗಿನ ನಾರು, ಹುಲ್ಲಿನ ಬಣವೆಯ ಹತ್ತಿರವಂತೂ ಚಾರ್ಜ್ ಬೇಡವೇ ಬೇಡ.

ಮಾತು 5: "ಹಳ್ಳಿಯಲ್ಲಿ ಯಾವ ನಿಯಮವೂ ಇಲ್ಲ"

ತಪ್ಪು. 2021ರ ಡ್ರೋನ್ ನಿಯಮಗಳು ರಿಮೋಟ್ ವಿಮಾನಕ್ಕೂ ಅನ್ವಯಿಸುತ್ತವೆ. ಹವ್ಯಾಸಕ್ಕೆ ಹಾರಿಸುವ ಮಾದರಿ ವಿಮಾನ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು. ಹಸಿರು ವಲಯದಲ್ಲಿ ಮಿತಿ 400 ಅಡಿ, ಅಂದರೆ 120 ಮೀಟರ್. 2 ಕೆ.ಜಿ.ವರೆಗೆ ವ್ಯಾಪಾರಕ್ಕಲ್ಲದ ಹಾರಾಟಕ್ಕೆ ಪೈಲಟ್ ಪ್ರಮಾಣಪತ್ರ ಬೇಡ. ಹಾಗೆಂದು ನೋಂದಣಿ ಬೇಡ ಎಂದಲ್ಲ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗದ ವಲಯ ನೋಡಿಕೊಳ್ಳಿ. 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಬೇಲೂರು, ಹಳೇಬೀಡು ದೇವಾಲಯಗಳ ಸುತ್ತ ಹಾರಿಸುವ ಯೋಚನೆ ಬಿಡಿ.

ಹಾಗಾದರೆ ಯಾವುದನ್ನು ತರಬೇಕು?

ಟ್ರೇನರ್‌ನಲ್ಲಿ ಎಲೆರಾನ್ ಇರಲಿಲ್ಲವೇ? ಮೊದಲು ಎಲೆರಾನ್ ಇರುವ, ಮೇಲು ರೆಕ್ಕೆಯ ವಿಮಾನ ಹಾರಿಸಿ. ಎಲೆರಾನ್ ರೂಢಿಯಾಗಿದ್ದರೆ ಕೆಳರೆಕ್ಕೆಯ ಸ್ಪೋರ್ಟ್ ವಿಮಾನ ತನ್ನಿ. ಮುಂದೆ ಪ್ರೊಪೆಲ್ಲರ್, ದೊಡ್ಡ ಚಕ್ರ, ಗಟ್ಟಿ ಕಾಲು, ಅಂಟಿಸಿದರೆ ಕೂಡುವ ಫೋಮ್ ಮೈ, ಸುಲಭವಾಗಿ ಸಿಗುವ ಬಿಡಿಭಾಗ, ಇಷ್ಟು ನೋಡಿ. ಜೆಟ್ ಮಾದರಿಯ ಪುಟ್ಟ ಚಕ್ರ ಕೊಯ್ದ ರಾಗಿ ಹೊಲದ ಕೂಳೆಯಲ್ಲಿ ಉರುಳುವುದಿಲ್ಲ, ಅದರ ಫ್ಯಾನು ದೂಳು ಕಸವನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಹಳೆಯ ಟ್ರೇನರ್ ಮಾರಬೇಡಿ. ಹೊಸದು ಮುರಿದ ದಿನ ಕೈ ರೂಢಿ ತಪ್ಪದಿರಲು ಅದು ಬೇಕು.

ನೀವು ಸಿದ್ಧರಿದ್ದೀರಾ? ಟ್ರೇನರ್‌ನಲ್ಲಿ ಪರೀಕ್ಷಿಸಿಕೊಳ್ಳಿ

• ಹತ್ತು ಸಲ ಇಳಿಸಿದರೆ ಹತ್ತೂ ಸಲ ನೀವಂದುಕೊಂಡ ಪಟ್ಟಿಯಲ್ಲೇ ಇಳಿಯುತ್ತದೆಯೇ?
• ಎಡಕ್ಕೂ ಬಲಕ್ಕೂ ಎತ್ತರ ತಪ್ಪದೆ 8ರ ಆಕಾರ ಬರುತ್ತದೆಯೇ?
• ವಿಮಾನ ನಿಮ್ಮ ಕಡೆ ಮುಖ ಮಾಡಿ ಬರುವಾಗ ಎಡ ಬಲ ಗೊಂದಲವಾಗದೆ ತಿರುಗಿಸುತ್ತೀರಾ?
• ಮೋಟಾರು ನಿಲ್ಲಿಸಿ ತೇಲಿಸುತ್ತ ಇಳಿಸಬಲ್ಲಿರಾ?

ನಾಲ್ಕಕ್ಕೂ "ಹೌದು" ಎಂದಾದರೆ ಮುಂದುವರಿಯಿರಿ. ಒಂದಕ್ಕೆ "ಇಲ್ಲ" ಎಂದರೂ ಇನ್ನೊಂದು ತಿಂಗಳು ಟ್ರೇನರ್ ಹಾರಿಸಿ.

ಎಲ್ಲಿ, ಯಾವಾಗ?

ಮುಂಗಾರಿನ ಗಾಳಿಯಲ್ಲಿ ಹೊಸ ವಿಮಾನದ ಮೊದಲ ಹಾರಾಟ ಬೇಡ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ರಾಗಿ ಕೊಯ್ಲಾದ ಮೇಲೆ, ಬೆಳಗಿನ ತಂಪು ಹೊತ್ತಿನಲ್ಲಿ, ಹೊಲದವರನ್ನು ಕೇಳಿ ಹಾರಿಸಿ. ದನ, ರಸ್ತೆ, ಕರೆಂಟ್ ಲೈನ್ ಹತ್ತಿರವಿರಬಾರದು. ನೋಡಲು ಬಂದವರೆಲ್ಲ ನಿಮ್ಮ ಬೆನ್ನ ಹಿಂದೆ ನಿಲ್ಲಲಿ. ವಿಮಾನ ತಂತಿಗೆ ಸಿಕ್ಕಿಕೊಂಡರೆ ದೋಟಿ ಹಿಡಿದು ಹೋಗಬೇಡಿ, ಲೈನ್‌ಮ್ಯಾನ್‌ಗೆ ತಿಳಿಸಿ. ವಿಮಾನ ಇನ್ನೊಂದು ಕೊಳ್ಳಬಹುದು.

ಜೆಟ್ ವಿಡಿಯೊ ಫಾರ್ವರ್ಡ್ ಮಾಡುವ ಮುನ್ನ ಮೇಲಿನ ನಾಲ್ಕು ಪ್ರಶ್ನೆಗಳನ್ನೂ ಜೊತೆಗೆ ಕಳಿಸಿ. ವಿಡಿಯೊದಲ್ಲಿ ಕಾಣುವುದು ಒಂದು ಹಾರಾಟ ಮಾತ್ರ, ಅದರ ಹಿಂದಿನ ಅಭ್ಯಾಸ ಕಾಣುವುದಿಲ್ಲ.